ಒಬ್ಬರ ಡಬ್ಬಿಗೆ ಒಬ್ಬರ ಕಫ

ಕಫ ಪರೀಕ್ಷೆ ನಗುವ ಕೆಲಸವಲ್ಲ ಎಂದು ಎಷ್ಟೇ ಬಿಗಿಯಾಗಿ ಕೂತರೂ ಜನ ಬಿಡಬೇಕಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ತಮಿಳುನಾಡಿನ ಬೋಡಿನಾಯಕನೂರಿನ ಬಳಿ ಕ್ಷಯ ಪತ್ತೆಯ ಪ್ರಯೋಗಾಲಯ ನನ್ನ ಉಸ್ತುವಾರಿಯಲ್ಲಿತ್ತು. ಆಗ ಒಂದೇ ಮನೆಯವರು ನನ್ನನ್ನು ಮತ್ತೆ ಮತ್ತೆ ಸೋಲಿಸಿದರು.

ಮೊದಲ ಡಬ್ಬಿ

ಕೆಮ್ಮು ಮೂರು ವಾರ ದಾಟಿದರೆ ಕಫ ಪರೀಕ್ಷೆ ಆಗಲೇಬೇಕು ಎಂಬುದು ಕ್ರಮ. ಏಲಕ್ಕಿ ಮಂಡಿಯಲ್ಲಿ ಜರಡಿ ಹಿಡಿಯುವ ಮುದುಕರೊಬ್ಬರಿಗೆ ಕೆಮ್ಮು. ಅವರ ಡಬ್ಬಿಯನ್ನು ಹೆಂಡತಿ ತಂದರು. ತೆರೆದು ನೋಡಿದರೆ ಬರೀ ಉಗುಳು.

“ಇದು ನಡೆಯಲ್ಲಮ್ಮ. ಎದೆಯಿಂದ ಕೆಮ್ಮಿ ತೆಗೆದದ್ದು ಬೇಕು.”

“ನೀವೂ ನಮ್ಮಂಗೆ ಕನ್ನಡ ಮಾತಾಡೋರೇ ಅಲ್ವಾ ತಂಬಿ? ಈ ಸಲ ಪಾಸ್ ಮಾಡ್ಬುಡಿ.”

“ಇಲ್ಲಿ ಪಾಸು ಫೇಲು ಇಲ್ಲ!”

“ಮತ್ತೆ ವಾಪಸ್ ಯಾಕೆ ಕಳಿಸ್ತೀರಿ?”

ಇನ್ನೊಂದು ಖಾಲಿ ಡಬ್ಬಿ ಆಕೆಯ ಕೈಗಿಟ್ಟೆ.

ಮೂರನೆಯ ಡಬ್ಬಿ

ಎರಡನೆಯದನ್ನೂ ವಾಪಸ್ ಕಳಿಸಿದೆ. ಮೂರನೆಯದರಲ್ಲಿ ಗಟ್ಟಿ ಹಳದಿ ಕಫ, ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸಬಹುದು. ಸ್ಲೈಡಿನ ತುಂಬ ಕ್ಷಯದ ರೋಗಾಣು. ಮಾತ್ರೆ ಹಿಡಿದು ನಾನೇ ಮನೆಗೆ ಹೋದೆ. ಮುದುಕರು ಜಗಲಿಯ ಮೇಲೆ ಗಡದ್ದಾಗಿ ಉಣ್ಣುತ್ತಿದ್ದರು.

“ಇವರಿಗೆ ಕ್ಷಯ ಇದೆ,” ಎಂದೆ.

ಎರಡು ವರ್ಷದ ಮಗಳನ್ನು ಎತ್ತಿಕೊಂಡಿದ್ದ ಮಗ ಮೆಲ್ಲಗೆ ಹೇಳಿದ: “ಅದು ನಂದು ಸಾರ್. ಅಪ್ಪಂಗೆ ಬರ್ಲೇ ಇಲ್ಲ. ನೀವು ಬೈತೀರ ಅಂತ ಅಮ್ಮ ನನ್ನ ಕೈಲಿ ಕೆಮ್ಮಿಸ್ತು.”

“ನಿನಗೂ ಕೆಮ್ಮಿದ್ದರೆ ಮೊದಲೇ ಹೇಳಬಾರದಿತ್ತೇ?”

“ನೀವು ಅಪ್ಪಂದು ತಾನೇ ಕೇಳಿದ್ದು?”

“ಒಬ್ಬರ ಡಬ್ಬಿಗೆ ಒಬ್ಬರದೇ ಕಫ!” ಎಂದು ಗುಡುಗಿದೆ.

“ಒಬ್ರ ಕೈಲಾಗ್ದಿದ್ರೆ ಇನ್ನೊಬ್ರು ಮಾಡ್ಬೇಕಲ್ವಾ, ಮನೆ ಅಂದ್ಮೇಲೆ?” ಎಂದರು ತಾಯಿ.

ಎಲ್ಲರನ್ನೂ ಪರೀಕ್ಷಿಸಿದೆವು. ಮುದುಕರದು ಮಂಡಿಯ ಧೂಳಿನ ಕೆಮ್ಮು. ಕ್ಷಯ ಮಗನಿಗೇ. ಪುಣ್ಯಕ್ಕೆ ಮಗುವಿಗೆ ತಗುಲಿರಲಿಲ್ಲ. ಆ ತಾಯಿ ನನ್ನ ನಿಯಮ ಪಾಲಿಸಿದ್ದರೆ ಅವನು ನನ್ನ ಕೈಗೆ ಸಿಗುತ್ತಲೇ ಇರಲಿಲ್ಲ. ಇದನ್ನು ವರದಿಯಲ್ಲಿ ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ಕೊನೆಯ ಡಬ್ಬಿ

ಆರು ತಿಂಗಳು ಮಾತ್ರೆ ನುಂಗಿ ಮಗ ದುಂಡಗಾದ. ಗುಣವಾಯಿತೆಂದು ಬರೆಯುವ ಮೊದಲು ಕೊನೆಯ ಪರೀಕ್ಷೆ. ತಾಯಿ ತಂದ ಡಬ್ಬಿಯಲ್ಲಿ ನೀರಿನಂಥ ಉಗುಳು.

“ನಡೆಯಲ್ಲಮ್ಮ, ಕಫ ಬೇಕು.”

ಆಕೆ ಗಾಬರಿಯಾದರು. “ಈಗ ಮನೇಲಿ ಯಾರ್ಗೂ ಕೆಮ್ಮೇ ಇಲ್ವಲ್ಲ ತಂಬಿ!” ಒಂದು ಕ್ಷಣ ಯೋಚಿಸಿ ಡಬ್ಬಿ ಎತ್ತಿಕೊಂಡರು. “ಇರಿ, ಹೆಪ್ಪಿಗೆ ಮೊಸರು ಇಸ್ಕೊಳ್ತೀವಲ್ಲ, ಆ ಪಕ್ಕದ ಮನೇಲಿ ಒಂಚೂರು ಕೇಳಿ ತರ್ತೀನಿ.”