ಇಲಾಖೆಯ ಮೋಟಾರ್ ಸೈಕಲ್ಲಿನ ಎರಡನೇ ಸಿಲಿಂಡರನ್ನು ಅಪ್ಪಣೆಯಿಲ್ಲದೆ ಉರಿಸಿದ ಬಗ್ಗೆ

ಸುತ್ತೋಲೆ ಸಂಖ್ಯೆ: ಮೋ.ಸೈ./ಮಿತವ್ಯಯ/೪೩
ಕ್ಯಾಂಪು: ಕ್ಲೋಸ್‌ಪೇಟೆ, ೧೯೨೬ನೇ ಇಸವಿ ಜೂನ್ ತಿಂಗಳು

ವಿಷಯ: ಭಾರಿ ಮೋಟಾರ್ ಸೈಕಲ್ಲುಗಳ ಎಂಜಿನ್ ಗಾತ್ರ, ಅವುಗಳ ಮೇಲೆ ಸವಾರರು ತೋರಿಸುವ ಕೈಚಳಕ ಮತ್ತು ಪೆಟ್ರೋಲಿನ ಉಳಿತಾಯ, ಹಾಗೂ ಸವಾರ ಶರೀಫನ ನಡತೆ.

ಉಲ್ಲೇಖ: (ಅ) ಒಂದು ಸಿಲಿಂಡರಿಗೆ ಬಿಡುವು ಕೊಟ್ಟ ಹಿಂದಿನ ಸುತ್ತೋಲೆ. (ಆ) ಕಬ್ಬಾಳಿನ ರೈತರ ಹೇಳಿಕೆಗಳು. ಇವನ್ನು ಇಲಾಖೆ ಕೇಳಿರಲಿಲ್ಲ.

ಕ್ಲೋಸ್‌ಪೇಟೆ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಸಮಸ್ತ ಸಿಬ್ಬಂದಿಗೆ ಈ ಕೆಳಗಿನ ಸಂಗತಿಗಳನ್ನು ತಿಳಿಯಪಡಿಸಲಾಗಿದೆ. ಓದಲು ಬಾರದವರು ಓದಿದ್ದೇವೆಂದು ರುಜು ಹಾಕತಕ್ಕದ್ದು.

೧. ರೈತರಿಗೆ ರೇಷ್ಮೆ ಮೊಟ್ಟೆಗಳನ್ನು ತಲುಪಿಸುವ ಸಲುವಾಗಿ ಈ ಇಲಾಖೆಯು ಏಳು ಅಶ್ವಶಕ್ತಿಯ, ಎರಡು ಸಿಲಿಂಡರಿನ, ಪಕ್ಕಕ್ಕೆ ತೊಟ್ಟಿ ಜೋಡಿಸಿದ ಮೋಟಾರ್ ಸೈಕಲ್ಲೊಂದನ್ನು ತರಿಸಿಕೊಂಡಿರುವುದು ಸರಿಯಷ್ಟೆ. ಅಶ್ವಗಳು ಏಳು ಎಂದು ಕಾಗದದಲ್ಲಿದ್ದುದರಿಂದ ಲಾಯದವರು ಹುರುಳಿ ಮಂಜೂರು ಮಾಡಿದ್ದರು. ಅದನ್ನು ಹಿಂತಿರುಗಿಸಲು ಹೋದಾಗ, ಹುರುಳಿ ತಿನ್ನದ ಕುದುರೆಗಳನ್ನು ಪಶುವೈದ್ಯರಿಗೆ ತೋರಿಸುವಂತೆ ಉತ್ತರ ಬಂದಿದೆ. ಆ ವಿಚಾರ ಪ್ರತ್ಯೇಕವಾಗಿ ನಡೆಯುತ್ತಿದೆ.

೨. ಸವಾರನಾಗಿ ನೇಮಕಗೊಂಡ ಶರೀಫನು ಚನ್ನಪಟ್ಟಣದ ಬೊಂಬೆ ಮಾಡುವ ಮನೆತನದವನು. ಮಹಾಯುದ್ಧದಲ್ಲಿ ಬಸ್ರಾದ ಕಡೆ ಮೋಟಾರ್ ಓಡಿಸಿ ಬಂದವನು. ಅವನಿಗೆ ಆ ಗಾಡಿಯ ಮೇಲೆ ಇದ್ದ ಮೋಹ ಸರ್ಕಾರಿ ನೌಕರನಿಗೆ ಸರ್ಕಾರಿ ಸ್ವತ್ತಿನ ಮೇಲೆ ಇರತಕ್ಕದ್ದಲ್ಲ. ಹೆಚ್ಚು ಓಡಲೆಂದು ಅವನು ಪೆಟ್ರೋಲ್ ಹರಿಯುವ ತೂತನ್ನು ಹಿಗ್ಗಿಸಿದನು. ಹೆಚ್ಚು ಕೇಳಿಸಲೆಂದು ಸೈಲೆನ್ಸರನ್ನು ಕಳಚಿದನು. ಕ್ಲೋಸ್‌ಪೇಟೆಯ ಸಂತೆಯಲ್ಲಿ ಆ ಸದ್ದಿಗೆ ಮಡಕೆಗಳು ಒಡೆದವು. ಕೇಳಿದ್ದಕ್ಕೆ, "ಎಂಜಿನ್ನು ಉಸಿರಾಡ್ಬೇಕಲ್ವಾ ಸಾಮಿ," ಎಂದು ನಕ್ಕನು.

೩. ಸೂಪರಿಂಟೆಂಡೆಂಟ್ ಸಾಹೇಬರು ತೊಟ್ಟಿಯಲ್ಲಿ ಕುಳಿತು ಚನ್ನಪಟ್ಟಣಕ್ಕೆ ಹೋಗುತ್ತಿದ್ದಾಗ ಪಕ್ಕದ ಹಳಿಯ ಮೇಲೆ ರೈಲು ಬಂತು. ಶರೀಫನು ರೈಲಿನ ಜೊತೆ ಪಂದ್ಯ ಕಟ್ಟಿದನು. ರೈಲು ಸೋತಿತು. ಸಾಹೇಬರ ಜರತಾರಿ ಪೇಟವು ಹಾರಿ ಮೂರನೇ ದರ್ಜೆಯ ಡಬ್ಬಿಯ ಕಿಟಕಿಯನ್ನು ಹೊಕ್ಕು, ಟಿಕೇಟಿಲ್ಲದೆ ಮೈಸೂರಿಗೆ ಪ್ರಯಾಣ ಮಾಡಿತು. ಪೆಟ್ರೋಲಿನ ದುಂದು ಸಾಹೇಬರ ಗಮನಕ್ಕೆ ಬಂದದ್ದು ಆ ದಿನದಿಂದಲೇ ಎಂಬುದು ಕೇವಲ ಕಾಕತಾಳೀಯವೆಂದು ಭಾವಿಸಲು ಸಿಬ್ಬಂದಿಗೆ ಸೂಚಿಸಲಾಗಿದೆ.

೪. ಎರಡು ಸಿಲಿಂಡರುಗಳು ಕುಡಿಯುವಲ್ಲಿ ಒಂದೇ ಸಿಲಿಂಡರು ಕುಡಿದರೆ ಅರ್ಧಕ್ಕರ್ಧ ಉಳಿತಾಯವೆಂದು ಸಾಹೇಬರು ಕಾಗದದ ಮೇಲೆ ಸಾಧಿಸಿ ತೋರಿಸಿದರು. ಅದರಂತೆ ಎರಡನೇ ಸಿಲಿಂಡರಿನ ತಂತಿಯನ್ನು ಬಿಚ್ಚಿಸಿ, ಬಾಯಿ ಕಟ್ಟಿ, ಅರಗಿನ ಮೊಹರು ಒತ್ತಲಾಯಿತು. ಕಳಚಿದ್ದ ಸೈಲೆನ್ಸರನ್ನೂ ಮರಳಿ ಹಾಕಿಸಲಾಯಿತು. ಶರೀಫನು ಅಂದು ನಗಲಿಲ್ಲ. ಕೈಕಟ್ಟಿ ನಿಂತು, "ಜೋಡೆತ್ತಿನ ಗಾಡೀಲಿ ಒಂದೆತ್ತು ಬಿಚ್ಚಿ, ಅದ್ನ ಗಾಡಿ ಮ್ಯಾಲೇ ಕೂರಿಸ್ಕಂಡು ಹೋಗು ಅಂದಂಗಾಯ್ತು ಸಾಮಿ. ಬದ್ಕಿರೋ ಸಿಲಿಂಡರು ಸತ್ತಿದ್ದನ್ನೂ ಹೊರಬೇಕು," ಎಂದನು. ಎತ್ತುಗಳು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅವನಿಗೆ ತಿಳಿಸಲಾಯಿತು.

೫. ಮುಂದೆ ನಡೆದದ್ದನ್ನು, ಮೊಟ್ಟೆಯ ಪೆಟ್ಟಿಗೆ ಹಿಡಿದು ತೊಟ್ಟಿಯಲ್ಲಿ ಕುಳಿತಿದ್ದ ಜವಾನ ದಾಸಪ್ಪನ ಹೇಳಿಕೆಯಿಂದ ಸಂಗ್ರಹಿಸಲಾಗಿದೆ. ಬೇಸಿಗೆಯ ಒಂದು ದಿನ, ಕಬ್ಬಾಳಿಗೆ ಹೊರಟ ಪೆಟ್ಟಿಗೆಯನ್ನು ಚನ್ನಪಟ್ಟಣದಲ್ಲಿ ತುಂಬುವಾಗಲೇ ಮೊಟ್ಟೆಗಳು ಕಪ್ಪಿಡತೊಡಗಿದ್ದವು. ಹಾಗೆಂದರೆ ಮರುದಿನ ಬೆಳಕು ಹರಿಯುವಾಗ ಮರಿಗಳು ಹೊರಬರುತ್ತವೆ. ಅಷ್ಟರೊಳಗೆ ತಂಪಿನ ಜಾಗ ಸೇರದಿದ್ದರೆ ಒಳಗೇ ಬೆಂದುಹೋಗುತ್ತವೆ. ಕಬ್ಬಾಳಿನಲ್ಲಿ ಹಿಪ್ಪುನೇರಳೆ ಸೊಪ್ಪು ಚಿಗುರಿ ನಿಂತಿತ್ತು. ಊರಿಗೆ ಊರೇ ಹುಳು ಸಾಕುವ ತಟ್ಟೆಗಳಿಗೆ ಸಗಣಿ ಬಳಿದು ಕಾಯುತ್ತಿತ್ತು. ಹಿಂದಿನ ಬೆಳೆಗೆ ಇಲಾಖೆ ಎತ್ತಿನ ಗಾಡಿಯಲ್ಲಿ ಕಳುಹಿಸಿದ ಮೊಟ್ಟೆಗಳು ದಾರಿಯಲ್ಲೇ ಸತ್ತು, ರೈತರು ಅಷ್ಟೂ ಸೊಪ್ಪನ್ನು ಮೇಕೆಗಳಿಗೆ ಹಾಕಿದ್ದರು. ಮೇಕೆಗಳಿಂದ ದೂರು ಬಾರದ ಕಾರಣ ಆ ಕಡತವನ್ನು ಮುಚ್ಚಲಾಗಿದೆ.

ಕಬ್ಬಾಳದುರ್ಗ ಕಣ್ಣಿಗೆ ಬೀಳುವ ಏರಿನಲ್ಲಿ ಗಾಡಿ ಕೆಮ್ಮಿ ನಿಂತಿತು. ಇಬ್ಬರೂ ಇಳಿದು ತಳ್ಳಿದರು. ನೆತ್ತಿಯ ಮೇಲಿನ ಬಿಸಿಲಿಗೆ ತೊಟ್ಟಿಯ ತಗಡು ಮುಟ್ಟಲಾಗದಂತೆ ಕಾದಿತ್ತು. ಶರೀಫನು ತಲೆಯ ರುಮಾಲು ಬಿಚ್ಚಿ, ಕುಡಿಯಲು ತಂದಿದ್ದ ನೀರನ್ನೆಲ್ಲ ಅದಕ್ಕೆ ಸುರಿದು ಪೆಟ್ಟಿಗೆಗೆ ಹೊದಿಸಿದನು. ನೋಡುತ್ತಿದ್ದಂತೆ ಅದು ಒಣಗಿತು.

"ಏನ್ಲಾ ಶರೀಫಾ, ಆ ಇನ್ನೊಂದ್ನೂ ಹತ್ತಿಸ್ಬುಡ್ಲಾ. ಯಾರ್ ನೋಡ್ತಾರೆ ಇಲ್ಲಿ?" ಎಂದನು ದಾಸಪ್ಪ.

"ಮೊಹರು ಒತ್ತವ್ರೆ ಕಣ್ಲಾ. ಒಡದ್ರೆ ಕೆಲ್ಸ ಹೋಯ್ತದೆ. ಈ ಗಾಡೀನೂ ಹೋಯ್ತದೆ."

"ನಿಂಗೆ ಗಾಡಿ ಹೋಯ್ತದೆ. ಅವ್ರಿಗೆ ಬೆಳೆನೇ ಹೋಯ್ತದಲ್ಲಾ."

ಶರೀಫನು ಬಹಳ ಹೊತ್ತು ಎಂಜಿನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದನು. ಅವನಿಗೆ ಅದಕ್ಕಿಂತ ಪ್ರಿಯವಾದದ್ದು ಮತ್ತೊಂದಿರಲಿಲ್ಲವೆಂದು ದಾಸಪ್ಪ ಹೇಳುತ್ತಾನೆ. ಆಮೇಲೆ ಎದ್ದು ಪೆಟ್ಟಿಗೆಯ ಮುಚ್ಚಳವನ್ನು ತುಸು ಎತ್ತಿ ನೋಡಿದನು. "ಕರ್ರಗಾಗ್ಬುಟ್ಟವೆ," ಎಂದವನೇ ಒಂದು ಕಲ್ಲು ತೆಗೆದುಕೊಂಡು ಸರ್ಕಾರಿ ಮೊಹರನ್ನು ಕುಟ್ಟಿ ಪುಡಿ ಮಾಡಿ, ತಂತಿಯನ್ನು ಮತ್ತೆ ಸಿಕ್ಕಿಸಿದನು. ಸೈಲೆನ್ಸರನ್ನೂ ಕಿತ್ತು ಬೇಲಿಗೆ ಎಸೆದನು. ಅದರ ಅಗತ್ಯವಿತ್ತೇ ಎಂದು ವಿಚಾರಣೆಯಲ್ಲಿ ಕೇಳಲಾಗಿ, "ಇರ್ನಿಲ್ಲ ಸಾಮಿ, ಆಸೆಯಿತ್ತು," ಎಂದು ಒಪ್ಪಿಕೊಂಡಿರುತ್ತಾನೆ.

೬. ಕಬ್ಬಾಳಿನ ರೇಷ್ಮೆ ಬೆಳೆಗಾರ್ತಿ ಕಾವೇರಮ್ಮ, ಬೇಡವೆಂದರೂ ಕೊಟ್ಟ ಹೇಳಿಕೆ: "ಸದ್ದು ಕೇಳಿ ಗುಡುಗು ಅಂದ್ಕಂಡು ಒಣಗಾಕಿದ್ದ ರಾಗಿನೆಲ್ಲ ಎತ್ತಿಟ್ವಿ ಸಾಮಿ. ನೋಡುದ್ರೆ ಇವ್ನು, ಮೈತುಂಬ ಧೂಳು. ಪೆಟ್ಟಿಗೆ ನನ್ನ ಕೈಗೆ ಕೊಟ್ಟು ಅಲ್ಲೇ ಜಗುಲಿ ಮ್ಯಾಲೆ ಕುಸುದ. ತಣ್ಣಗಿರೋ ಮೂಲೇಲಿ ಮಡಗಿದ್ದೆ. ಬೆಳಗಾಗೆದ್ದು ನೋಡುದ್ರೆ ಮೊಟ್ಟೆ ಹಾಳೆ ತುಂಬ ಮರಿ, ಇರುವೆ ಸಾಲು ಹರದಂಗೆ! ಚಿಗುರು ಹೆಚ್ಚಿ ಹಾಕ್ದೆ. ಅವ್ನು ಬಗ್ಗಿ ನೋಡಿ, 'ದಾರೀಲಿ ಸದ್ದಿಗೆ ಹೆದರ್ಕಂಡವೇನೋ ಕಣಮ್ಮಾ,' ಅಂದ. ಕಣ್ಣಲ್ಲಿ ನೀರು ತುಂಬ್ಕಂಡಿತ್ತು. 'ಹೆದರ್ಕಂಡ್ರೆ ಹಿಂಗ್ ತಿಂದಾವಾ, ತಗಳಪ್ಪ ನೀನೂ ಒಸಿ ಉಣ್ಣು,' ಅಂದೆ." ಸರ್ಕಾರಿ ಸವಾರನು ಖಾಸಗಿ ಮುದ್ದೆ ಉಂಡಿರುವುದು ಈ ಹೇಳಿಕೆಯಿಂದ ರುಜುವಾತಾಗಿದೆ.

೭. ಆ ಬೆಳೆಯ ಗೂಡು ಕಬ್ಬಾಳಿನವರು ಕಂಡರಿಯದಷ್ಟು ಚೆನ್ನಾಗಿ ಬಂತೆಂಬುದು ವಿಚಾರಣೆಗೆ ಸಂಬಂಧಪಡದ ಸಂಗತಿ. ಎರಡೂ ಸಿಲಿಂಡರುಗಳಿಂದ ಓಡಿದ ದಾರಿಗೆ, ಒಂದರಲ್ಲಿ ಓಡಿದ್ದಕ್ಕಿಂತ ಕಡಿಮೆ ಪೆಟ್ರೋಲ್ ಖರ್ಚಾಗಿರುವುದು ಕಂಡುಬಂದಿದೆ. ಇದು ಹಿಂದಿನ ಸುತ್ತೋಲೆಗೆ ವಿರುದ್ಧವಾದುದರಿಂದ ಎಂಜಿನ್ನಿನ ಅವಿಧೇಯತೆ ಎಂದು ಪರಿಗಣಿಸಲಾಗಿದೆ.

೮. ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೆಲಸ ಉಳಿಸುವುದಾಗಿ ಸಾಹೇಬರು ದಯಮಾಡಿ ಹೇಳಿದರು. ಶರೀಫನು ತಲೆ ತಗ್ಗಿಸಿ ನಿಂತಿದ್ದು, ಹೀಗೆ ಉತ್ತರಿಸಿರುತ್ತಾನೆ: "ರೈಲ್ ಪಂದ್ಯಕ್ಕೆ ತಪ್ಪಾಯ್ತು ಅಂತ ಬರ್ಕೊಡ್ತೀನಿ ಸಾಮಿ. ತೂತು ಹಿಗ್ಸಿದ್ದಕ್ಕೂ, ಸೈಲೆನ್ಸರ್‌ಗೂ ಬರ್ಕೊಡ್ತೀನಿ. ಆ ಏರು ಹತ್ತಿಸಿದ್ದಕ್ಕೆ ಮಾತ್ರ ಬರ್ಯಾಕಿಲ್ಲ." ಎದೆಯ ಮೇಲಿನ ಇಲಾಖೆಯ ಬಿಲ್ಲೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟನು. ಹೊರಗೆ ಹೋಗುವಾಗ ಗಾಡಿಯ ಟ್ಯಾಂಕಿನ ಮೇಲೊಮ್ಮೆ ಕೈಯಾಡಿಸಿದನು; ತಿರುಗಿ ನೋಡಲಿಲ್ಲ.

೯. ಆದ್ದರಿಂದ ಈ ಕೂಡಲೇ ಜಾರಿಗೆ ಬರುವಂತೆ:
(ಕ) ಸದರಿ ಮೋಟಾರ್ ಸೈಕಲ್ಲನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಲಾಗಿದೆ. ನಿಂತ ಮೇಲೆ ಅದು ಪೆಟ್ರೋಲ್ ಕುಡಿದಿಲ್ಲ. ಇಲಾಖೆಯ ಮಿತವ್ಯಯ ಯೋಜನೆಯು ಪೂರ್ಣ ಯಶಸ್ವಿಯಾಗಿದೆ.
(ಖ) ಮುಂದೆ ಯಾವ ಗಾಡಿಯನ್ನು ಕೊಂಡರೂ ಹೋಗುವಾಗಲೂ ಬರುವಾಗಲೂ ಇಳಿಜಾರಿರುವ ದಾರಿಯನ್ನೇ ಹಿಡಿಯತಕ್ಕದ್ದು.
(ಗ) ರೇಷ್ಮೆ ಮೊಟ್ಟೆಗಳು ಮೇಲಿನ ಅಪ್ಪಣೆ ಬರುವ ತನಕ ಒಡೆಯಕೂಡದು.

೧೦. ಶರೀಫನು ಈಗ ಚನ್ನಪಟ್ಟಣ–ಕನಕಪುರದ ನಡುವೆ ಖಾಸಗಿಯವರ ಮೋಟಾರ್ ಬಸ್ಸು ಓಡಿಸುತ್ತಿದ್ದು, ಕಬ್ಬಾಳಿನವರು ತಮ್ಮ ಮೊಟ್ಟೆಯ ಪೆಟ್ಟಿಗೆಗಳನ್ನು ಅವನ ಪಕ್ಕದ ಸೀಟಿನಲ್ಲಿ ತರಿಸಿಕೊಳ್ಳುತ್ತಿದ್ದಾರೆಂದು ತಿಳಿದುಬಂದಿದೆ. ಇಲಾಖೆಯ ಸಿಬ್ಬಂದಿ ಸದರಿ ಬಸ್ಸನ್ನು ಹತ್ತುವುದಾಗಲಿ, ಸರ್ಕಾರದ ಯಾವುದೇ ವಸ್ತು ಅಥವಾ ಕಾಗದವನ್ನು ಅದರಲ್ಲಿ ಕಳುಹಿಸುವುದಾಗಲಿ ಕಡ್ಡಾಯವಾಗಿ ಕೂಡದು.

(ರುಜು)
ಸೂಪರಿಂಟೆಂಡೆಂಟರ ಪರವಾಗಿ

ಪ್ರತಿಗಳು:
೧. ಮಾಗಡಿ ಕಚೇರಿಗೆ, ಅಲ್ಲಿ ಮೋಟಾರ್ ಸೈಕಲ್ ಇಲ್ಲವಾದರೂ ಹೆದರಿಕೆ ಇರಲೆಂದು.
೨. ಲಾಯದ ವಿಭಾಗಕ್ಕೆ, ಕುದುರೆಗಳು ಕ್ಷೇಮವೆಂಬ ಒಕ್ಕಣೆಯೊಂದಿಗೆ.
೩. ಜವಾನ ದಾಸಪ್ಪನಿಗೆ; ಇನ್ನು ಮುಂದೆ ಸವಾರರಿಗೆ ಬುದ್ಧಿ ಹೇಳಕೂಡದೆಂದು.
೪. ಕನಕಪುರ ಕಚೇರಿಗೆ ಮತ್ತು ಕಬ್ಬಾಳಿನ ಪಟೇಲರಿಗೆ. ಜರೂರಾಗಿ ಇಂದೇ ತಲುಪಬೇಕಾಗಿರುವುದರಿಂದ, ಶರೀಫನ ಬಸ್ಸಿನಲ್ಲಿ.