ಏಳನೇ ರಿವೆಟ್ಟು

ನಾನು ವಿಮಾನ ಕಟ್ಟೋಕೆ ಕೂತ ದಿನದಿಂದ ವಾರಕ್ಕೊಂದು ಫಜೀತಿ ಆಗದೆ ಹೋಗಿದ್ದೇ ಇಲ್ಲ. ತಪ್ಪು ನಂದಲ್ಲ. ಅವೇ ಮನೆ ಹುಡುಕ್ಕೊಂಡು ಬರ್ತವೆ.

ಪೀಣ್ಯದ ಒಂದು ಶೆಡ್ಡಿನಲ್ಲಿ ಮೂವತ್ತೈದು ವರ್ಷ ತಗಡು ಬಗ್ಗಿಸಿ, ಅದನ್ನ ಕೂಡಿಸೋ ರಿವೆಟ್ ಮೊಳೆ ಹೊಡೆದು ರಿಟೈರ್ ಆದವನು ನಾನು. ರಿಪೇರಿಗೆ ಬಂದ ವಿಮಾನದ ರೆಕ್ಕೆಗಳಿಗೆ ತೇಪೆ ಹಾಕೋದು ನಮ್ಮ ಕೆಲಸ. ಸೇರಿದ ಹೊಸದರಲ್ಲಿ ಪುಟ್ಟ ಮಾದರಿ ವಿಮಾನವೊಂದನ್ನ ಮಾಡಿ ಸ್ಪರ್ಧೆಗೆ ಹೋಗಿದ್ದೆ. ಜಡ್ಜ್ ಬಗ್ಗಿ ನೋಡಿದ್ರು, ಉಸಿರು ಬಿಟ್ರು, ರೆಕ್ಕೆ ಕಳಚಿ ಬಿತ್ತು. ಹಾಲ್‌ನಲ್ಲಿ ಜನ ನಕ್ಕಿದ್ದು ಇನ್ನೂ ಕಿವೀಲಿದೆ. ಆಮೇಲೆ ಮದುವೆ, ಓವರ್‌ಟೈಮು, ಮಗಳ ಓದು ಅಂತ ಆ ಹುಚ್ಚು ಅಟ್ಟ ಸೇರ್ತು.

ರಿಟೈರ್ ಆದ ಮಾರನೇ ಬೆಳಿಗ್ಗೆ ಹೆಂಡತಿಗೆ ಹೇಳ್ಬಿಟ್ಟೆ, "ಒಂದ್ಸಲ, ಒಂದೇ ಒಂದ್ಸಲ, ಮೈಕಲ್ಲಿ ನನ್ನ ಹೆಸರು ಕೂಗ್ಬೇಕು ಕಣೇ. ಅಲ್ಲೀವರೆಗೂ ಬಿಡೋದಿಲ್ಲ."

"ಅಷ್ಟೇನಾ? ಕೆಳಗಡೆ ಹಣ್ಣಿನ ಗಾಡಿಯವನ ಹತ್ರ ಮೈಕಿದೆ, ಕೂಗಿಸ್ಲಾ?" ಅಂದ್ಲು.

ಹಾರುತ್ತಾ?

ನಾನು ಮಾಡೋದು ನೋಡೋ ವಿಮಾನ, ಹಾರೋ ವಿಮಾನ ಅಲ್ಲ. ಅಸಲಿ ಹೇಗಿದೆಯೋ ಹಾಗೇ, ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನ ಅಳತೆಗೆ. ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಸ್ಪರ್ಧೇಲಿ ಮಾರ್ಕ್ಸ್ ಕಟ್. ಇದನ್ನ ಹೂಡಿಯ ನಮ್ಮ ಅಪಾರ್ಟ್‌ಮೆಂಟಿನವರಿಗೆ ಅರ್ಥ ಮಾಡಿಸೋದರಲ್ಲಿ ಸಾಕುಬೇಕಾಯ್ತು.

ಅಸೋಸಿಯೇಷನ್ ಸೆಕ್ರೆಟರಿ ಒಂದಿನ ಮನೆಗೆ ಬಂದು, "ಹಾರುತ್ತಾ ಸಾರ್?" ಅಂದ್ರು.

"ಇಲ್ಲ."

"ಮೋಟಾರ್ ಹಾಕಿದ್ರೆ?"

"ಆಗ್ಲೂ ಇಲ್ಲ."

"ಎಷ್ಟು ದಿನದಿಂದ ಮಾಡ್ತಿದೀರ?"

"ಹದಿನಾಲ್ಕು ತಿಂಗಳಾಯ್ತು."

ಅವರು ಕಾಫಿ ಲೋಟ ಕೆಳಗಿಟ್ಟು, ನನ್ನ ಹೆಂಡತಿ ಕಡೆ ತಿರುಗಿ, ದನಿ ತಗ್ಗಿಸಿ, "ಮೇಡಂ, ಸಾರ್‌ನ ನಮ್ಮ ವಾಕಿಂಗ್ ಗ್ರೂಪಿಗೆ ಸೇರಿಸ್ಕೊಳ್ಲಾ?" ಅಂದ್ರು.

ಟೇಪು

ಅತ್ತಿಬೆಲೆ ಹತ್ತಿರದ ಕಾಲೇಜೊಂದರ ಮುಂದೆ, ಆಳೆತ್ತರದ ಕಟ್ಟೆ ಮೇಲೆ, ಹಳೇ ತರಬೇತಿ ವಿಮಾನ ಒಂದನ್ನ ನಿಲ್ಲಿಸಿದ್ದಾರೆ. ಬಾಲದ ನಂಬರ್ ನೋಡಿದ ಕೂಡಲೇ ಮೈ ಜುಮ್ ಅಂತು. ನಮ್ಮ ಶೆಡ್ಡಿಗೆ ರಿಪೇರಿಗೆ ಬಂದಿದ್ದೇ ಅದು! ಮಾಡಿದ್ರೆ ಇದನ್ನೇ ಮಾಡ್ಬೇಕು ಅಂತ ಕೋಲಿಗೆ ಟೇಪ್ ಕಟ್ಟಿ ಅಳೆಯೋಕೆ ಶುರು ಹಚ್ಕೊಂಡೆ. ಉತ್ತರ ಕರ್ನಾಟಕದ ಕಡೆಯ ಸೆಕ್ಯುರಿಟಿಯಾತ ಓಡಿ ಬಂದ.

"ಏನ್ ಅಳ್ಯಾಕತ್ತೀರಿ ಸಾಹೇಬ್ರ? ಗುಜರಿಗೆ ಹಾಕಾಕೇನ್ರಿ?"

"ಇಲ್ಲಪ್ಪ, ಇಂಥದೇ ಇನ್ನೊಂದು ಮಾಡ್ಬೇಕು."

ಆತ ವಿಮಾನ ನೋಡಿದ, ನನ್ನ ನೋಡಿದ. "ಮಾಡಿ ಎಲ್ಲಿ ನಿಲ್ಲಸ್ತೀರಿ?"

"ಮನೇಲಿ, ಊಟದ ಟೇಬಲ್ ಮೇಲೆ."

ಆತ ಎರಡು ಹೆಜ್ಜೆ ಹಿಂದೆ ಸರಿದು ವಾಕಿಟಾಕಿ ತೆಗೆದ. "ಸರ, ಇಲ್ಲೊಬ್ರು ಹಿರ್ಯಾರು ಬಂದಾರ್ರಿ. ಅವರ ಮನಿಯವ್ರಿಗೆ ಫೋನ್ ಹಚ್ಚಬೇಕಾಗೈತಿ."

ನಾನೇನು ಬಿಡೋನಾ? ಮೂರು ಭಾನುವಾರ ಹೋದೆ. ಮೂರನೇ ಸಲ ಟೇಪಿನ ಇನ್ನೊಂದು ತುದಿ ಆತನೇ ಹಿಡ್ಕೊಂಡಿದ್ದ. ರೆಕ್ಕೆ ಮೇಲೆ ಹತ್ತೋಕೆ ಮಾತ್ರ ಬಿಡ್ಲಿಲ್ಲ. ಹಾಗಾಗಿ ಮೇಲ್ಭಾಗದ ಫೋಟೋ ಸಿಗ್ಲಿಲ್ಲ. ಅದಕ್ಕೆ ನಾನು ತಲೆ ಕೆಡಿಸ್ಕೊಳ್ಲಿಲ್ಲ, ಅಲ್ಲಿ ತೇಪೆ ಹಾಕಿದವನೇ ನಾನು.

ಖಾರಾಭಾತ್

ತರಬೇತಿ ವಿಮಾನ ಅಂದ್ಮೇಲೆ ಇಬ್ಬರು ಕೂರ್ಬೇಕು: ಕಲಿಸೋನು, ಕಲಿಯೋನು. ಕಲಿಯೋನ ತಲೆ ಬಟಾಣಿ ಗಾತ್ರದ್ದು. ಕೆತ್ತೋಕೆ ಒಂಬತ್ತು ದಿನ ಹಿಡೀತು. ಹತ್ತನೇ ದಿನ ಮಾಯ! ಸೋಫಾ ಎತ್ತಿದ್ದಾಯ್ತು, ಕಸದ ಬುಟ್ಟಿ ಸುರಿದಿದ್ದಾಯ್ತು. ನಿಜ ಹೇಳ್ತೀನಿ, ಅಳು ಬಂದ್ಬಿಟ್ಟಿತ್ತು.

ಮಾರನೇ ದಿನ ತಿಂಡಿಗೆ ಬಟಾಣಿ ಹಾಕಿದ ಖಾರಾಭಾತ್. ಮೂರನೇ ತುತ್ತಿಗೆ ಬಾಯಲ್ಲಿ ಕಟ್ ಅಂತು. ತೆಗೆದು ನೋಡ್ತೀನಿ, ಅವನೇ!

"ಸಿಕ್ಕಿದ ಕಣೇ! ಮೂಗು ಕೂಡ ಮುಕ್ಕಾಗಿಲ್ಲ!"

"ಅವನ ಮೂಗು ಹಾಳಾಗ್ಲಿ, ನಿಮ್ಮ ಹಲ್ಲು?"

ಆಗ ನಾಲಿಗೆ ಆಡಿಸಿ ನೋಡಿದೆ. ಒಂದು ದವಡೆ ಹಲ್ಲು ಅರ್ಧ ಮುರಿದು ಹೋಗಿತ್ತು.

"ಡೆಂಟಿಸ್ಟಿಗೆ ಏನಂತ ಹೇಳ್ತೀರಿ ಈಗ?"

"ಪೈಲಟ್ ಅಡ್ಡ ಬಂದ ಅಂತ ಹೇಳ್ತೀನಿ."

ಎಷ್ಟು ತೊಳೆದ್ರೂ ಅವನ ಮುಖದ ಅರಿಶಿನ ಮಾತ್ರ ಹೋಗ್ಲಿಲ್ಲ. ಹಾಗೇ ಕೂರಿಸಿದೆ.

ಊಟ ಆದ್ಮೇಲೆ

ಎಲೆಕ್ಟ್ರಾನಿಕ್ ಸಿಟಿಯ ಒಂದು ಹಾಲ್‌ನಲ್ಲಿ ಸ್ಪರ್ಧೆ. ಹೆಂಡತಿ ಜೊತೆ ಇನ್ನೊಬ್ಬರನ್ನೂ ಕರ್ಕೊಂಡು ಹೋಗಿದ್ದೆ, ಪೀಣ್ಯದ ನಮ್ಮ ಹಳೇ ಸೂಪರ್‌ವೈಸರ್. ವಯಸ್ಸು ಎಂಬತ್ತು ದಾಟಿದೆ. ಇಡೀ ಸರ್ವೀಸಿನಲ್ಲಿ ನನ್ನ ಕೆಲಸವನ್ನ ಒಂದ್ಸಲವೂ ಚೆನ್ನಾಗಿದೆ ಅಂದವರಲ್ಲ. ಇವತ್ತಾದ್ರೂ ಅನ್ಲಿ ಅನ್ನೋ ಆಸೆ.

ಜಡ್ಜ್ ಒಬ್ಬರು ಮೇಡಂ. ಕೈಯಲ್ಲಿ ಟಾರ್ಚು, ಭೂತಗನ್ನಡಿ. ಅವರು ಬಗ್ಗಿ ಉಸಿರು ಬಿಟ್ಟಾಗ ನಾನು ಕಣ್ಣು ಮುಚ್ಚಿಕೊಂಡೆ. ರೆಕ್ಕೆ ಬೀಳ್ಲಿಲ್ಲ.

"ಹೊಸಬನ ಭಯ ಮುಖದಲ್ಲಿ ಎಷ್ಟು ಚೆನ್ನಾಗಿ ಬಂದಿದೆ! ಈ ಬಣ್ಣ ಹೇಗೆ ತಂದ್ರಿ ಸಾರ್?"

"ಅರಿಶಿನ ಮೇಡಂ."

ನನ್ನ ಹಿಂದೆ ಹೆಂಡತಿ ಕೆಮ್ಮಿದ್ಲು.

ಆಮೇಲೆ ಟಾರ್ಚು ರೆಕ್ಕೆ ಮೇಲೆ ನಿಂತಿತು. "ಈ ತೇಪೇಲಿ ಹನ್ನೊಂದು ರಿವೆಟ್. ಏಳನೇದು ಸಾಲು ಬಿಟ್ಟಿದೆ. ಸಾರಿ ಸಾರ್, ಮಾರ್ಕ್ಸ್ ಕಟ್ ಮಾಡ್ಬೇಕಾಗುತ್ತೆ."

"ಅಸಲೀಲೂ ಹಾಗೇ ಇದೆ ಮೇಡಂ!"

"ಫೋಟೋ ಇದೆಯಾ?"

"ಫೋಟೋ ಇಲ್ಲ. ಆದ್ರೆ ಅಸಲೀಲಿ ಅದನ್ನ ಹೊಡೆದೋನು ನಾನೇ."

"ಅಯ್ಯೋ ಸಾರ್, ಅದಕ್ಕೆ ಸಾಕ್ಷಿ ಬೇಡ್ವಾ?" ಅಂತ ಅವರು ಪೆನ್ನು ತೆಗೆದ್ರು. ಮೂವತ್ತು ಚಿಲ್ಲರೆ ವರ್ಷ ಕಾದಿದ್ದು ಒಂದು ರಿವೆಟ್ಟಿಗೆ ಹೋಗುತ್ತಲ್ಲಪ್ಪ ಅಂತ ಆ ಪೆನ್ನನ್ನೇ ನೋಡ್ತಾ ನಿಂತೆ.

ಹಿಂದಿನಿಂದ ಊರುಗೋಲಿನ ಸದ್ದು. ಸೂಪರ್‌ವೈಸರ್ ಎದ್ದು ಬಂದ್ರು.

"ನಾನಿದೀನಿ ಸಾಕ್ಷಿ. ಆ ರೆಕ್ಕೆ ಪಾಸ್ ಮಾಡಿದ್ದು ನಾನು. ಬಲಕ್ಕೇನೂ ಕೊರತೆ ಇರ್ಲಿಲ್ಲ. ಆದ್ರೆ ಏಳನೇದು ಸೊಟ್ಟ. ತೆಗೆದು ಹೊಡಿಯೋ ಅಂದೆ. ಊಟ ಆದ್ಮೇಲೆ ಹೊಡೀತೀನಿ ಸಾರ್ ಅಂದ. ಇವತ್ತಿನವರೆಗೂ ಹೊಡೆದಿಲ್ಲ."

ಇಡೀ ಹಾಲ್ ನಕ್ಕಿತು. ಮೇಡಂ ನಗ್ತಾ ನಗ್ತಾ ಕಟ್ ಮಾಡಿದ ಮಾರ್ಕ್ಸನ್ನ ವಾಪಸ್ ಬರೆದ್ರು. ಮಧ್ಯಾಹ್ನ ಮೈಕಲ್ಲಿ ಹೆಸರು ಕೂಗಿದ್ರು. ಮೊದಲನೇ ಬಹುಮಾನ, ನನ್ನ ಹೆಸರು! ಹೆಂಡತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ್ಲು. ನನಗೆ ವೇದಿಕೆ ಮೆಟ್ಟಿಲು ಕಾಣದ ಹಾಗೆ ಕಣ್ಣು ತುಂಬಿಕೊಂಡಿತ್ತು.

ಎಲ್ಲರಿಗೂ ಬಿಸಿಬೇಳೆಭಾತ್ ಕೊಟ್ರು. ಸೂಪರ್‌ವೈಸರ್ ನಿಧಾನವಾಗಿ ತಿಂದು, ಕೈ ತೊಳೆದು ಬಂದು, ನನ್ನ ಬಹುಮಾನದ ಕಪ್ಪನ್ನ ತಿರುಗಿಸಿ ತಿರುಗಿಸಿ ನೋಡಿದ್ರು. ಚೆನ್ನಾಗಿದೆ ಅಂತಾರೆ ಅಂತ ಬಾಯಿ ಬಿಟ್ಕೊಂಡು ನಿಂತಿದ್ದೆ.

"ಊಟ ಆಯ್ತಲ್ಲ, ನಡಿ," ಅಂದ್ರು.

"ಎಲ್ಲಿಗೆ ಸಾರ್?"

"ಅತ್ತಿಬೆಲೆಗೆ. ಏಳನೇದು ಬಾಕಿ ಇದೆ."

ನಾನು ಕಪ್ಪನ್ನ ಕಿತ್ಕೊಂಡು ಎದೆಗವಚಿಕೊಂಡೆ. "ದಮ್ಮಯ್ಯ, ಬೇಡಿ ಸಾರ್! ಅಸಲೀನ ಸರಿ ಮಾಡಿದ್ರೆ ನಂದು ತಪ್ಪಾಗ್ಬಿಡುತ್ತೆ!"