ಬೈಲಪ್ಪನವರ ಎಡೆಗೆ ಗೆಣಸಿನ ಹೋಳಿಗೆ

ದೆವ್ವ ಭೂತಗಳಲ್ಲಿ ನನಗೆ ನಂಬಿಕೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಕೇಳಿ ನೀವು ಬೇರೆ ಏನಾದರೂ ತಿಳಿದುಕೊಂಡೀರಿ. ದೆವ್ವ ಇದೆಯೋ ಇಲ್ಲವೋ ಎಂಬುದು ನನ್ನ ತೊಂದರೆಯೇ ಅಲ್ಲ. ಒಂದು ವೇಳೆ ಇದ್ದರೆ, ಅದು ನನ್ನ ಅಡುಗೆಯ ಬಗ್ಗೆ ಏನೆಂದುಕೊಂಡಿತು ಎಂಬುದು ನನ್ನ ತೊಂದರೆ. ಬದುಕಿರುವವರು ನನ್ನ ಅಡುಗೆಯನ್ನು ಆಡಿಕೊಂಡರೆ ನಾನು ಸುಮ್ಮನಿರುವ ಹೆಂಗಸಲ್ಲ. ಚಿತ್ರಾನ್ನಕ್ಕೆ ಹುಳಿ ಸಾಲದು ಎಂದ ತಪ್ಪಿಗೆ ನನ್ನ ನಾದಿನಿಯ ಜೊತೆ ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ಮಾತು ಬಿಟ್ಟಿದ್ದೆ. ಆದರೆ ಸತ್ತವರು ಆಡಿಕೊಂಡರೆ ಯಾರ ಹತ್ತಿರ ಹೋಗಿ ಜಗಳ ತೆಗೆಯುವುದು?

ಇದು ತೊಂಬತ್ತರ ದಶಕದ ಮಾತು. ಆಗ ನಾವು ದಾವಣಗೆರೆಯಿಂದ ಬಂದು ಪೀಣ್ಯದಲ್ಲಿ ಬಾಡಿಗೆಗಿದ್ದೆವು. ಯಜಮಾನರಿಗೆ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ನನಗೆ ಬೋಲ್ಟು ನಟ್ಟು ತಯಾರಿಸುವ ಇನ್ನೊಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಕೆಲಸ. ಅಂದರೆ ಬೇರೆಯವರು ಕಷ್ಟಪಟ್ಟು ಮಾಡಿದ್ದನ್ನು ಅಳತೆಯ ಗೇಜಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೂ ಕೆಂಪು ಬಣ್ಣದ ಡಬ್ಬಿಗೆ ಎಸೆಯುವುದು. ಡಬ್ಬಿಯಲ್ಲಿ ಠಣ್ ಎಂದು ಸದ್ದಾದಾಗಲೆಲ್ಲ ನನ್ನ ಮುಖ ಅರಳುತ್ತದೆ ಎಂದು ಲೇತ್ ಯಂತ್ರದವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರಂತೆ. ಅರಳುತ್ತಿದ್ದರೂ ಇರಬಹುದು. ಪರೀಕ್ಷೆಯಾಗದ ಮಾಲು ಹೊರಗೆ ಹೋಗಬಾರದು ಎಂಬುದು ನನ್ನ ಪಾಲಿಗೆ ಮಂತ್ರವೇ ಆಗಿತ್ತು.

ನಮ್ಮ ಮನೆಯ ಮಾಲೀಕರು ಬೈಲಪ್ಪ, ಅವರ ಹೆಂಡತಿ ಹೊನ್ನಮ್ಮಜ್ಜಿ. ಒಂದೇ ಕಾಂಪೌಂಡಿನಲ್ಲಿ ಮುಂದೆ ಅವರ ಮನೆ, ಹಿಂದೆ ನಮ್ಮದು. ಸುತ್ತಲೂ ತಗಡಿನ ಶೆಡ್ಡುಗಳು, ಅವುಗಳೊಳಗೆ ಬೆಳಗಿನಿಂದ ಧಡ್ ಧಡ್ ಎಂದು ಲೋಹ ಒತ್ತುವ ಪ್ರೆಸ್ಸುಗಳು. ಆ ಸದ್ದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ ಕರೆಂಟು ಹೋಗಿ ಅದು ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ನಾವಿದ್ದ ಮನೆ ಕಟ್ಟುವ ಮೊದಲು ಆ ಜಾಗದಲ್ಲಿ ಬೈಲಪ್ಪನವರು ರಾಗಿ ಬೆಳೆದಿದ್ದರು, ಅದಕ್ಕೂ ಮೊದಲು ಗೆಣಸು. ಪಾಯ ತೋಡುವಾಗ ಎಲ್ಲ ಕಿತ್ತು ಹಾಕಿದ್ದರೂ ನಮ್ಮ ಬಚ್ಚಲಿನ ನೀರು ಹರಿಯುವ ಕಡೆ ಒಂದು ಗೆಣಸಿನ ಬಳ್ಳಿ ತಾನಾಗಿಯೇ ಎದ್ದಿತ್ತು. ಬೈಲಪ್ಪನವರು ಸಂಜೆ ಬೀಡಿ ಹಚ್ಚಿಕೊಂಡು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದರು. ನಮ್ಮ ಅಡುಗೆಮನೆಯ ಹಿತ್ತಿಲ ಬಾಗಿಲಿಗೆ ಬರುವಾಗ ಎರಡು ಸಲ ಕೆಮ್ಮುವರು, ಒಳಗೆ ಹೆಂಗಸರಿದ್ದಾರೆ ಎಂಬ ಮರ್ಯಾದೆಗೆ. ಬಾಯಲ್ಲಿ ಮೇಲ್ಗಡೆ ಒಂದೇ ಒಂದು ಹಲ್ಲು. ಮಾತಂತೂ ಅದಕ್ಕಿಂತ ಕಡಿಮೆ.

ಆ ಮನುಷ್ಯನಿಗೆ ಒಂದು ಶಿವರಾತ್ರಿಯಲ್ಲಿ ನಾನು ಗೆಣಸಿನ ಹೋಳಿಗೆ ಕೊಟ್ಟೆ. ಬೇಯಿಸಿದ ಗೆಣಸನ್ನು ನಾರು ತೆಗೆದು ನುಣ್ಣಗೆ ನಾದಿ, ಬೆಲ್ಲ ಏಲಕ್ಕಿ ಹಾಕಿ ಹೂರಣ ಮಾಡಿ, ಕಣಕದಲ್ಲಿ ತುಂಬಿ ತಟ್ಟುವುದು. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ, ಆದರೆ ನನ್ನ ಕೈಯ ಹೋಳಿಗೆ ಹರಿಯುವುದಿಲ್ಲ, ಅಂಚಿನವರೆಗೂ ಹೂರಣವಿರುತ್ತದೆ ಎಂಬುದನ್ನು ನಾನೇ ಹೇಳಿಕೊಳ್ಳಬೇಕು, ಯಜಮಾನರು ಹೇಳುವುದಿಲ್ಲ. ಬೈಲಪ್ಪನವರು ನಿಂತಲ್ಲೇ ತಿಂದು, ಖಾಲಿ ತಟ್ಟೆಯನ್ನು ಮುಂದೆ ಹಿಡಿದು, "ಇನ್ನೊಂದು ಕೊಡವ್ವಾ" ಎಂದರು. ಹಿಂದೆ ನಿಂತಿದ್ದ ಹೊನ್ನಮ್ಮಜ್ಜಿ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ನಾನು ಅದನ್ನು ನೋಡಿದೆ, ಆದರೆ ಹೊಗಳಿಕೆಯ ಅಮಲಿನಲ್ಲಿದ್ದೆ, ಅರ್ಥವಾಗಲಿಲ್ಲ. ಆ ಬೇಸಿಗೆ ಮುಗಿಯುವುದರೊಳಗೆ ಬೈಲಪ್ಪನವರು ತೀರಿಕೊಂಡರು. ವರ್ಷ ತುಂಬುವವರೆಗೆ ಎಡೆಯಿಲ್ಲವಂತೆ. ಹಾಗಾಗಿ ಮರುವರ್ಷದ ಮಹಾಲಯ ಅಮಾವಾಸ್ಯೆಗೆ ಅವರ ಮೊದಲ ಎಡೆ.

ನಮ್ಮಲ್ಲಿ ಶಿವನ ಪಾದ ಸೇರಿದವರು ಊಟಕ್ಕೆಂದು ವಾಪಸ್ಸು ಬರುವುದಿಲ್ಲ, ಅಲ್ಲಿನ ವ್ಯವಸ್ಥೆಯೇ ಅವರಿಗೆ ಸಾಕಾಗುತ್ತದೆ. ಹೊನ್ನಮ್ಮಜ್ಜಿಯ ಮನೆಯಲ್ಲಿ ಹಾಗಲ್ಲ. ಹಿರಿಯರ ಹಬ್ಬದ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಹೊಸ ಪಂಚೆಯಿಟ್ಟು, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರುತ್ತಾರೆ. ಆಗ ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಎಲೆ ನೋಡಿ, ಬಂದರೋ ಇಲ್ಲವೋ ಎಂದು ತಿಳಿಯುವುದು.

ಹಬ್ಬಕ್ಕೆ ಸ್ವಲ್ಪ ದಿನ ಮುಂಚೆ ಅಜ್ಜಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ಕೂತಳು. "ಗಿರಿಜವ್ವಾ, ಆ ಗೆಣಸಿನ ಓಳಿಗೆ ಮಾಡ್ಕೊಡ್ಬೇಕು ಕಣವ್ವಾ."

"ಮಾಡ್ತೀನಿ ಅಜ್ಜಿ, ಅದೇನ್ ದೊಡ್ಡದು."

"ಮದ್ವೆಯಾದಾಗ್ನಿಂದ ಕೋಳಿ ಸಾರು ಮಾಡಿ ಬಡ್ಸಿವ್ನಿ. ಒಂದಿನ ಚೆಂದಾಗೈತೆ ಅನ್ನಲಿಲ್ಲ ಆವಯ್ಯ. ಇನ್ನೊಂದು ಕೊಡು ಅಂದಿದ್ದು ನಿನ್ ಓಳಿಗೆಗೇ. ನನ್ ಅಡ್ಗೆಗೆ ಬತ್ತಾನೋ ಇಲ್ವೋ ಕಾಣೆ. ಅದ್ಕಾದ್ರೂ ಬರ್ಲಿ." ಅಷ್ಟು ಹೇಳಿ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಎದ್ದು ಹೋಗುವಾಗ ತಿರುಗಿ, "ಎಡೆ ಇಕ್ಕೋಗಂಟ ನಾಲ್ಗೆಗೆ ಮುಟ್ಟಿಸ್ಬ್ಯಾಡ. ಎಂಜಲಾದ್ರೆ ಬರಾಕಿಲ್ಲ" ಎಂದು ಎಚ್ಚರಿಸಿದಳು.

ರುಚಿ ನೋಡದೆ ಅಡುಗೆ! ಗೇಜು ಕಿತ್ತುಕೊಂಡು ಬೋಲ್ಟು ಪಾಸು ಮಾಡು ಎಂದಹಾಗಾಯಿತು. ಆದರೂ ಒಪ್ಪಿಕೊಂಡೆ.

ಗೆಣಸಿಗೆ ಅದು ಕಾಲವಲ್ಲ. ಯಶವಂತಪುರದ ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಹುಳ ಹತ್ತಿದ್ದು. ಬರಿಗೈಯಲ್ಲಿ ಬಂದ ನನಗೆ ಅಜ್ಜಿ, "ಇತ್ಲಲ್ಲಿ ಅಗಿ. ಅವ್ನು ನೋಡ್ಕೊಂಡಿದ್ದ ಬಳ್ಳಿ" ಎಂದಳು. ಆ ಬಳ್ಳಿಯ ವಿಷಯ ನಿಮಗೆ ಹೇಳಬೇಕು. ಬೈಲಪ್ಪನವರು ಹೋದ ಮೇಲೆ ಅದನ್ನು ಯಾರೂ ನೋಡಿಕೊಂಡಿರಲಿಲ್ಲ, ಆದರೂ ಅದು ಹಿಂದಿಗಿಂತ ಜೋರಾಗಿ ಬೆಳೆದಿತ್ತು. ಬಿಸಿಲಿರುವ ಕಡೆ ಹೋಗುವುದು ಬಿಟ್ಟು ಗೋಡೆಯ ನೆರಳಿನಲ್ಲೇ ಹರಿದು ನಮ್ಮ ಅಡುಗೆಮನೆಯ ಕಿಟಕಿ ಹತ್ತಿತ್ತು. ನಾನು ಎರಡು ಸಲ ಸರಳಿನಿಂದ ಬಿಡಿಸಿ ಕೆಳಗೆ ಹಾಕಿದ್ದೆ, ಮತ್ತೆ ಬಂದು ಒಳಗೆ ಇಣುಕುತ್ತಿತ್ತು. ನಾನು ಕುಡುಗೋಲು ಹಿಡಿದು ಬುಡ ಕೆದಕಿದಾಗ ಮಣ್ಣು ಬೆಚ್ಚಗಿತ್ತು. ಬಚ್ಚಲಿನ ಬಿಸಿನೀರು ಹರಿದಿರಬೇಕು ಎಂದುಕೊಂಡೆ. ಅವತ್ತು ಬೆಳಿಗ್ಗೆ ನಾವು ತಣ್ಣೀರಿನಲ್ಲಿ ಸ್ನಾನ ಮಾಡಿದ್ದೆವು ಎಂಬುದು ಆಮೇಲೆ ನೆನಪಾಯಿತು. ಕೆಂಪು ಸಿಪ್ಪೆಯ ಗೆಣಸುಗಳು ಬುಟ್ಟಿ ತುಂಬ ಸಿಕ್ಕವು, ಅದರಲ್ಲೊಂದು ಥೇಟ್ ಕಾಲಿನ ಹೆಬ್ಬೆರಳಿನ ಹಾಗೆ ಉಗುರಿನ ಗುರುತಿನ ಸಮೇತ ಇತ್ತು. ಅದನ್ನು ಮಾತ್ರ ವಾಪಸ್ಸು ಹೂತು ಬಂದೆ.

ಅಮಾವಾಸ್ಯೆಯ ದಿನ ರಜ ಹಾಕಿದ್ದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೂರಣ ತಯಾರಾಯಿತು. ಕಣಕ ಕಲಸಲು ಕೂತಾಗ ಕರೆಂಟು ಹೋಯಿತು. ಪೀಣ್ಯದ ಪ್ರೆಸ್ಸುಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಎಂಥ ನಿಶ್ಶಬ್ದ ಎಂದರೆ ಹಿಟ್ಟಿನ ಮೇಲೆ ಎಣ್ಣೆ ಬೀಳುವ ಸದ್ದು ಕೇಳುತ್ತಿತ್ತು. ಚಿಟಿಕೆ ಉಪ್ಪು ಹಾಕಿದೆ. ಆಗ ಹಿತ್ತಿಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ಎರಡು ಸಲ. ಬೀಡಿಯ ವಾಸನೆಯೂ ಬಂದಹಾಗಾಯಿತು.

"ರೀ, ನೀವೇನ್ರೀ?" ಎಂದೆ. ಮುಂದಿನ ಕೋಣೆಯಿಂದ ಯಜಮಾನರು, "ನಾನಿಲ್ಲೇ ಪೇಪರ್ ಓದ್ತಿದೀನಲ್ಲೇ" ಎಂದರು. ಅವರಿಗೆ ಬೀಡಿ ಸೇದುವ ಅಭ್ಯಾಸವೂ ಇಲ್ಲ, ಧೈರ್ಯವೂ ಇಲ್ಲ. ಹೋಗಿ ನೋಡಿದೆ. ಹಿತ್ತಿಲಲ್ಲಿ ಯಾರೂ ಇರಲಿಲ್ಲ. ಬಳ್ಳಿಯ ಎಲೆಗಳು ಮಾತ್ರ ಗಾಳಿಯಿಲ್ಲದೆ ಅಲ್ಲಾಡಿ ನಿಂತವು. ನಾನು ನಂಬುವುದಿಲ್ಲ ಎಂದು ಗಟ್ಟಿಯಾಗಿ ಹೇಳಿಕೊಂಡು ಬಂದು ಕೂತವಳಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಮರೆತುಹೋಯಿತು. ಬೇರೆ ದಿನವಾದರೆ ಬೆರಳಲ್ಲಿ ಸವರಿ ನಾಲಿಗೆಗೆ ಇಟ್ಟು ನೋಡುತ್ತಿದ್ದೆ. ಅವತ್ತು ಹಾಗೆ ಮಾಡುವಂತಿರಲಿಲ್ಲ. ಉಪ್ಪಿಲ್ಲದ ಕಣಕ ಸಪ್ಪೆ ಎಂದು ಮತ್ತೆ ಹಾಕಿದೆ, ಧಾರಾಳವಾಗಿಯೇ ಬಿತ್ತು. ಹೋಳಿಗೆಗಳು ಮಾತ್ರ ಒಂದೂ ಹರಿಯಲಿಲ್ಲ. ಹುಣ್ಣಿಮೆ ಚಂದ್ರನ ಹಾಗಿದ್ದವು, ಅಮಾವಾಸ್ಯೆಯ ದಿನ.

ಮುಸ್ಸಂಜೆಗೆ ಎಡೆಯಿಟ್ಟರು. ಕರೆಂಟು ಇನ್ನೂ ಬಂದಿರಲಿಲ್ಲ. ಗೋಡೆಗೆ ಒರಗಿಸಿದ್ದ ಬೈಲಪ್ಪನವರ ಫೋಟೋದ ಮುಂದೆ ಬಾಳೆಲೆ. ಅದರಲ್ಲಿ ಮುದ್ದೆ, ನಾಟಿ ಕೋಳಿ ಸಾರು, ಅನ್ನ, ವಡೆ. ಪಕ್ಕದಲ್ಲಿ ಹೊಸ ಪಂಚೆ, ಬೀಡಿ ಕಟ್ಟು, ಸಣ್ಣ ಬಾಟಲಿ, ಲೋಟ. ಇವೆಲ್ಲದರ ನಡುವೆ ನನ್ನ ಹೋಳಿಗೆ, ದಾರಿ ತಪ್ಪಿ ಮಿಲ್ಟ್ರಿ ಹೋಟೆಲಿಗೆ ಬಂದ ಸ್ವಾಮಿಗಳ ಹಾಗೆ ಸಂಕೋಚದಿಂದ ಮೂಲೆಯಲ್ಲಿ ಕೂತಿತ್ತು. ಅಜ್ಜಿಯ ಮಗ ನಾಗರಾಜ ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಿ, ಬಾಗಿಲು ಎಳೆದುಕೊಂಡು ಬಂದ. ನಾವೆಲ್ಲ ಅಂಗಳದಲ್ಲಿ ನಿಂತೆವು. ಯಾರೂ ಮಾತಾಡಬಾರದು. ಶೆಡ್ಡುಗಳ ಸಾಲು ಕಪ್ಪಗೆ ಕೂತಿತ್ತು. ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಕೈ ತಣ್ಣಗಿತ್ತು. ಒಳಗೆ ಎಲೆ ಸರಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಲೋಟ ನೆಲಕ್ಕೆ ಇಟ್ಟಂಥ ಸದ್ದು. ಬೆಕ್ಕು ಎಂದು ಯಜಮಾನರು ನನ್ನ ಕಿವಿಯಲ್ಲಿ ಹೇಳಿದರು. ಅವರು ಆಗಲೇ ಗೇಟಿನ ಹತ್ತಿರಕ್ಕೆ ಸರಿದಿದ್ದರಿಂದ ನಾನೇ ಅಲ್ಲಿಗೆ ಹೋಗಿ ಕಿವಿ ಕೊಡಬೇಕಾಯಿತು.

ನಾಗರಾಜ ಬಾಗಿಲು ತಟ್ಟಿ ತೆರೆದ. ಒಳಗೆ ಬೆಕ್ಕಿರಲಿಲ್ಲ. ಕೋಳಿ ಸಾರಿನ ಬಟ್ಟಲು ತೊಳೆದಿಟ್ಟ ಹಾಗಿತ್ತು. ಮೂಳೆಗಳೆಲ್ಲ ಎಲೆಯ ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಗುಡ್ಡೆಯಾಗಿದ್ದವು. "ಇಂಗೇ ಇಕ್ತಿದ್ದ," ಎಂದಳು ಅಜ್ಜಿ, "ಯಾವಾಗ್ಲೂ ಇಂಗೇ ಇಕ್ತಿದ್ದ ಕಣವ್ವಾ." ನಾನು ನನ್ನ ಹೋಳಿಗೆ ನೋಡಿದೆ. ಅದು ಎಲೆಯಿಂದ ಆಚೆ, ಬರಿ ನೆಲದ ಮೇಲಿತ್ತು. ಅಂಚಿನಲ್ಲಿ ಒಂದೇ ಒಂದು ಸಲ ಕಚ್ಚಿದ ಗುರುತು. ಇನ್ಸ್‌ಪೆಕ್ಷನ್ನಿನವಳ ಕಣ್ಣು, ಸುಮ್ಮನಿರುತ್ತದೆಯೇ? ಬಗ್ಗಿ ನೋಡಿದೆ. ಕಚ್ಚಿದ ಕಡೆ ಮೇಲೆ ಒಂದೇ ಹಲ್ಲಿನ ಗೀರು. ಹೊನ್ನಮ್ಮಜ್ಜಿಯ ಬಾಯಲ್ಲಿ ಒಂದೂ ಹಲ್ಲಿಲ್ಲ, ನಮಗೆಲ್ಲ ಪೂರ್ತಿ ಇವೆ. ನನ್ನ ಬೆನ್ನಿನ ಮೇಲೆ ತಣ್ಣೀರು ಸುರಿದಹಾಗಾಯಿತು.

ಆದರೆ ಅಜ್ಜಿಯ ಮುಖ ನೀವು ನೋಡಬೇಕಿತ್ತು. "ನಂದು ಪೂರಾ ಉಂಡವ್ನೆ, ನಿಂದು ಕಚ್ಚಿ ಬುಟ್ಟವ್ನೆ," ಎಂದು ಅಳುತ್ತ ನಗುತ್ತ ಎಲ್ಲರಿಗೂ ಹೇಳಿದಳು. ಸಾಲದೆಂದು ಬೀದಿಗೂ ಹೋಗಿ ಹೇಳಿ ಬಂದಳು. ಆಮೇಲೆ ಉಳಿದ ಹೋಳಿಗೆಗಳನ್ನು ಹಂಚಿದರು. ನಾನು ಒಂದು ತುತ್ತು ಬಾಯಿಗಿಟ್ಟೆ. ಗೆಣಸಿನ ಸಿಹಿಯನ್ನು ಮೆಟ್ಟಿಕೊಂಡು ಉಪ್ಪು ಮೇಲೆದ್ದು ಬಂತು. ನಾಗರಾಜ ನೀರು ಕುಡಿಯಲು ಹೋದ. ಯಜಮಾನರು ನನ್ನ ಮುಖ ನೋಡಿ ಪೂರ್ತಿ ನುಂಗಿದರು, ನಮ್ಮ ದಾಂಪತ್ಯ ಉಳಿದಿರುವುದು ಇಂಥ ತ್ಯಾಗಗಳಿಂದ. ಅಜ್ಜಿ ಮಾತ್ರ ನನ್ನನ್ನೇ ನೋಡುತ್ತ ಒಸಡಿನಲ್ಲೇ ನಿಧಾನವಾಗಿ ಅಗಿದಳು. ಹೆದರಿಕೆ ಎಲ್ಲಿ ಹೋಯಿತೋ, ನನಗೆ ಅವಮಾನದಿಂದ ಕಣ್ಣಲ್ಲಿ ನೀರು ಬಂತು. ಕೆಂಪು ಡಬ್ಬಿಗೆ ಬಿದ್ದ ಬೋಲ್ಟಿನ ಸಂಕಟ ಅವತ್ತು ತಿಳಿಯಿತು.

ಇಡೀ ವರ್ಷ ನಾನು ಕಾದೆ. ಈ ಸಲ ಉಪ್ಪನ್ನು ಅಳೆದು ಹಾಕಬೇಕು, ಆ ಎಲೆಯ ಮೇಲೆ ಹೋಳಿಗೆಯ ಚೂರೂ ಉಳಿಯಬಾರದು ಎಂದು ಹಟ. ಮರುವರ್ಷ ಹಬ್ಬ ಬಂತು. ಅಜ್ಜಿ ಮತ್ತೆ ಹಿತ್ತಿಲ ಬಾಗಿಲಿಗೆ ಬಂದಳು. ಆ ಒಂದು ವರ್ಷದಲ್ಲಿ ಅವಳು ಮೈ ಕೈ ತುಂಬಿಕೊಂಡು ಚೆನ್ನಾಗಿದ್ದಳು, ಹೋಗಿ ಬಂದವರಿಗೆಲ್ಲ ಕೋಳಿ ಸಾರಿನ ಕತೆ ಹೇಳುತ್ತಿದ್ದಳು.

"ಓಳಿಗೆ ಮಾಡ್ಕೊಡು ಗಿರಿಜವ್ವಾ," ಎಂದಳು. ಆಮೇಲೆ ನೆಲ ನೋಡುತ್ತ ಮೆಲ್ಲಗೆ, "ಓದ್ ವರ್ಸ ಮಾಡಿದ್ಯಲ್ಲ, ಅಂಗೇ ಮಾಡು. ಒಸೀನೂ ಬದ್ಲಾಯ್ಸ್‌ಬ್ಯಾಡ" ಎಂದಳು.

ನಾನು ಅವಳನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. "ಆಗ್ಲಿ ಅಜ್ಜಿ" ಎಂದೆ. ಒಂದು ಜೀವಮಾನ ಕಾದು ಸಿಕ್ಕಿದ ಒಂದೇ ಹೊಗಳಿಕೆಯನ್ನು ಅವಳ ಕೈಯಿಂದ ಕಿತ್ತುಕೊಳ್ಳುವಷ್ಟು ಕೆಟ್ಟವಳಲ್ಲ ನಾನು. ಅಮಾವಾಸ್ಯೆಯ ದಿನ ಕಣಕಕ್ಕೆ ಉಪ್ಪು ಹಾಕಿದೆ. ಕೈ ತಡೆದು ನಿಂತೆ. ಮತ್ತೆ ಧಾರಾಳವಾಗಿ ಹಾಕಿದೆ. ಹಿಂದೆ ಬಾಗಿಲಲ್ಲಿ ಎರಡು ಸಲ ಕೆಮ್ಮಿದ ಸದ್ದಾಯಿತು, ಈ ಸಲ ಸ್ವಲ್ಪ ಸಿಟ್ಟಿನಲ್ಲಿ. ನಾನು ತಿರುಗಿ ನೋಡಲಿಲ್ಲ. "ಸ್ವಲ್ಪ ತಡೀರಿ ತಾತ" ಎಂದೆ.

ಇನ್ನೊಂದು ಹಿಡಿ ಕಣಕ ಬೇರೆ ಕಲಸಿ, ಉಪ್ಪು ಅಳೆದು ಹಾಕಿ, ಒಂದೇ ಒಂದು ಹೋಳಿಗೆ ಮಾಡಿದೆ. ತುಪ್ಪ ಸವರಿ, ತಟ್ಟೆಯಲ್ಲಿಟ್ಟು, ಬಳ್ಳಿ ಇಣುಕುತ್ತಿದ್ದ ಕಿಟಕಿಯ ಕಟ್ಟೆಯ ಮೇಲಿರಿಸಿದೆ. ನಂಬಿಕೆಯಿಲ್ಲದ ನಾನೇ ಅಡುಗೆಮನೆಯ ಬಾಗಿಲು ಎಳೆದುಕೊಂಡು ಹೊರಗೆ ಹೋದೆ. ಮುಂದಿನ ಮನೆಯಲ್ಲಿ ಎಲ್ಲವೂ ಹೋದ ವರ್ಷದಂತೆಯೇ ನಡೆಯಿತು. ಕೋಳಿ ಸಾರು ಖಾಲಿ, ಹೋಳಿಗೆಗೆ ಒಂದು ಕಚ್ಚು, ಅಜ್ಜಿಯ ಮುಖದಲ್ಲಿ ಬೆಳಕು. ನಾನು ವಾಪಸ್ಸು ಬಂದು ಕಿಟಕಿ ನೋಡಿದಾಗ ತಟ್ಟೆಯಲ್ಲಿ ತುಪ್ಪದ ಜಿಡ್ಡೂ ಇರಲಿಲ್ಲ. ಅದು ಕಟ್ಟೆಯ ಅಂಚಿಗೆ, ಯಾರೋ ಮುಂದೆ ಹಿಡಿದ ಹಾಗೆ, ಸರಿದು ಕೂತಿತ್ತು.

"ಇಲಿ ತಿಂದಿರ್ಬೇಕು ಕಣೇ" ಎಂದರು ಯಜಮಾನರು ದೂರದಿಂದಲೇ. ಇರಬಹುದು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಆಗಲೇ ಹೇಳಿದ್ದೇನೆ. ಆದರೂ ಒಲೆ ಹಚ್ಚಿ ಇನ್ನೊಂದು ಮಾಡಿಟ್ಟೆ.